ಚಕ್ರದಡಿಯ ನಿಂಬೆಹಣ್ಣು

ಶೋರೂಮಿನ ಅಂಗಳದಲ್ಲಿ ಪೂಜೆ ಮುಗಿದು ಹೊಸ ಕಾರು ಹೊರಡಲು ನಿಂತಿತ್ತು. ಬಾನೆಟ್ಟಿನ ಬಣ್ಣದಲ್ಲಿ ಒಂದು ಗುಳ್ಳೆ ಎದ್ದಿತ್ತು. ಮ್ಯಾನೇಜರು ಸರಿಯಾಗಿ ಅದರ ಮೇಲೇ ದಪ್ಪಗೆ ಕುಂಕುಮ ಹಚ್ಚಿದ್ದ.

ಗುಳ್ಳೆ ಮುಂದಿನ ಚಕ್ರದಡಿಯ ನಿಂಬೆಹಣ್ಣಿಗೆ ಹೇಳಿತು: "ಬೇಗ ಒಡೆದುಬಿಡು. ಕಾರು ಗೇಟು ದಾಟಿದರೆ ಸಾಕು, ಆಮೇಲೆ ನಾನು ಇಲ್ಲೇ ಹುಟ್ಟಿದ್ದೆಂದು ಇವರು ಒಪ್ಪುವುದಿಲ್ಲ."

"ಕಾರು ಕೊಂಡ ದಾಕ್ಷಾಯಣಮ್ಮನಿಗೆ ನೀನಿರುವುದು ಗೊತ್ತೇ?"

"ಕುಂಕುಮ ಇಟ್ಟ ಜಾಗವನ್ನು ಯಾರಾದರೂ ಒರೆಸಿ ನೋಡುತ್ತಾರೆಯೇ? ಸುಮ್ಮನೆ ನಿನ್ನ ಕೆಲಸ ಮಾಡು."

"ನನ್ನ ಕೆಲಸ ನನಗೆ ಗೊತ್ತು. ನಾನು ಒಡೆಯುವುದು ಕಂಡವರ ಕಣ್ಣು ತಾಗದಿರಲೆಂದು. ಕೊಂಡವರ ಕಣ್ಣು ಕಟ್ಟುವುದಕ್ಕಲ್ಲ."

ಎಂಜಿನ್ ಗುರುಗುಟ್ಟಿತು. ಚಕ್ರ ಒಂದಿಂಚು ಉರುಳಿತು. ಸಿಪ್ಪೆ ಇನ್ನೇನು ಬಿರಿಯಬೇಕು ಎನ್ನುವಾಗ ನಿಂಬೆಹಣ್ಣು ಪಕ್ಕಕ್ಕೆ ಜಾರಿಕೊಂಡಿತು.

"ಅಯ್ಯೋ, ನಿಂಬೆಹಣ್ಣು ಒಡೆಯಲಿಲ್ಲ!" ಎಂದು ಯಾರೋ ಕೂಗಿದರು.

"ಪರವಾಗಿಲ್ಲ ಮೇಡಂ, ನೀವು ಹೊರಡಿ" ಎಂದು ಮ್ಯಾನೇಜರು ಅವಸರಪಡಿಸಿದ.

ದಾಕ್ಷಾಯಣಮ್ಮ ಕೇಳಲಿಲ್ಲ. ಸೀಟಿನಿಂದ ಇಳಿದು ಬಂದು, ಬಾನೆಟ್ಟಿನ ಮೇಲೆ ಕೈಯೂರಿ, ಹಣ್ಣನ್ನು ಎತ್ತಿಕೊಳ್ಳಲು ಬಾಗಿದರು. ಅಂಗೈಗೆ ಏನೋ ಒತ್ತಿತು. ಅವರು ಸೆರಗಿನಿಂದ ಕುಂಕುಮ ಒರೆಸಿದರು.

"ಇದೇನಪ್ಪಾ?"

"ಅದಾ... ಪಾಲಿಶ್ ಹೊಡೆದರೆ ಹೋಗುತ್ತೆ ಮೇಡಂ."

ಗುಳ್ಳೆ ಬಿಸಿಲಲ್ಲಿ ಬೆತ್ತಲೆ ನಿಂತಿತು. ದಾಕ್ಷಾಯಣಮ್ಮ ಕೀ ತೆಗೆದು ಅವನ ಕೈಗಿಟ್ಟರು.

"ಬೇರೆ ಕಾರು ತಂದು ನಿಲ್ಲಿಸಿ. ನಿಂಬೆಹಣ್ಣು ಮಾತ್ರ ಇದೇ ಇರಲಿ."