ಆಚೆ ತುದಿಯ ದನಿ

ಹೊಳೆಯ ದಂಡೆಯ ಮೇಲೊಂದು ವಿದ್ಯುತ್ ಕೇಂದ್ರ. ಅಲ್ಲಿ ಪುಟ್ಟನಂಜಯ್ಯ ಎಂಬ ಹಿರಿಯರು ರಿಲೇಯ ವಿದ್ಯೆ ಕಲಿಸುತ್ತಿದ್ದರು. ರಿಲೇ ಎಂದರೆ ಕಾವಲುಗಾರ. ತಂತಿ ಹರಿದು ಬಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಕರೆಂಟು ಕಡಿಯುವುದು ಅದರ ಕೆಲಸ.

ಒಂದು ಮಧ್ಯಾಹ್ನ ಶಿಷ್ಯ ಇಂದುಧರ ಬೆವರುತ್ತ ಬಂದು ನಿಂತ.

"ಗುರುಗಳೇ, ತಪ್ಪಾಗಿದೆ. ಸೋಮವಾರ ರಿಲೇ ಪರೀಕ್ಷೆ ಮಾಡುವಾಗ ಆಚೆ ತುದಿಯಿಂದ ಸಂಕೇತ ಬರೋ ಸ್ವಿಚ್ಚು ಆಫ್ ಮಾಡಿದ್ದೆ. ಮತ್ತೆ ಹಾಕೋದು ಮರೆತೆ. ಈಗ ಹಾಕಿ ಬಂದೆ."

"ಮೂರು ದಿನ," ಎಂದರು ಗುರುಗಳು.

"ಸದ್ಯ, ಏನೂ ಆಗ್ಲಿಲ್ಲ."

"ಆಗಿದ್ರೆ?"

ಲೈನಿನ ಉದ್ದ ನಲವತ್ತು ಮೈಲಿ. ಮೊದಲ ಮೂವತ್ತೆರಡು ಮೈಲಿಯನ್ನಷ್ಟೇ ಈಚೆಯ ರಿಲೇ ಖಚಿತವಾಗಿ ಬಲ್ಲದು. ಕೊನೆಯ ಎಂಟು ಮೈಲಿಯಲ್ಲಿ ತಂತಿ ಬಿದ್ದರೆ ಅದಕ್ಕೆ ಅನುಮಾನ, ಅರ್ಧ ಸೆಕೆಂಡು ಕಾಯುತ್ತದೆ. ಆಚೆ ತುದಿಯಿಂದ 'ನನಗೂ ಕಂಡಿತು' ಎಂಬ ಸಂಕೇತ ಬಂದರೆ ಮಾತ್ರ ಕಾಯದೆ ಕಡಿಯುತ್ತದೆ.

ಆ ಎಂಟು ಮೈಲಿಯಲ್ಲಿ ಈಗ ನಾಟಿಯ ಕಾಲ. ತಂತಿಯ ಕೆಳಗೆ, ಕೆಸರಿನಲ್ಲಿ, ಹೆಂಗಸರು ಬರಿಗಾಲಲ್ಲಿ ನಿಂತಿರುತ್ತಾರೆ.

"ಈಗ ಸಂಕೇತ ಬರ್ತಿದೆಯಾ?"

"ಬರ್ತಿರಬೇಕು."

"ಮಾದಪ್ಪನಿಗೆ ಫೋನ್ ಮಾಡಿ, ಒಂದ್ಸಲ ಕಳಿಸಿ ನೋಡಿ ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ಆಚೆ ತುದಿಯ ಕೇಂದ್ರದ ಮಾದಪ್ಪ ಬೈಯಲು ನಿಂತರೆ ಏಳು ತಲೆಮಾರನ್ನೂ ಬಿಡುವವನಲ್ಲ. ಎರಡು ಲಕ್ಷ ವೋಲ್ಟಿಗೆ ಹೆದರದ ಇಂದುಧರ ಆ ಒಂದು ನಾಲಿಗೆಗೆ ಹೆದರಿ ಸಾಯುತ್ತಿದ್ದ.

ಗುರುಗಳು ಎದ್ದು ಪಂಚೆ ಎತ್ತಿ ಕಟ್ಟಿದರು.

"ಬಾ. ನಾನು ಹೊಳೆ ದಾಟ್ತೀನಿ. ನೀನು ಈ ದಡದಲ್ಲಿ ಕಾವಲಿರು. ಅಪಾಯ ಕಂಡ್ರೆ ಕೂಗು."

"ಬೇಡಿ ಗುರುಗಳೇ! ನಿಮ್ಮ ಕಣ್ಣು ಮಂಜು. ಆಚೆ ದಡದ ಹತ್ತಿರ ಮಡು ಇದೆ."

"ನೀನಿದ್ದೀಯಲ್ಲ," ಎಂದು ಅವರು ನೀರಿಗಿಳಿದೇ ಬಿಟ್ಟರು.

ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ನಡುಹೊಳೆಯ ಬಂಡೆಯವರೆಗೆ ಇಂದುಧರನಿಗೆ ಒಂದೊಂದು ಹೆಜ್ಜೆಯೂ ಕಂಡಿತು. ಅಲ್ಲಿಂದಾಚೆ ಜೊಂಡು. ಗುರುಗಳ ಬಿಳಿತಲೆ ಅದರ ಹಿಂದೆ ಸರಿದು ಮರೆಯಾಯಿತು.

ಅವನು ಕಾದ. ನೀರಿನ ಸದ್ದು ಬಿಟ್ಟರೆ ಇನ್ನೊಂದು ಸದ್ದಿಲ್ಲ.

ದಾಟಿದರೋ, ಮಡುವಿಗೆ ಬಿದ್ದರೋ? ಈಗ ಕೂಗಿದರೆ ಬೆಚ್ಚಿ ಕಾಲು ಜಾರಿದರೆ? ಕೂಗದೆ ಮುಳುಗಿಹೋದರೆ?

ಆಚೆ ದಡದಲ್ಲಿ ಅಜ್ಜಿಯೊಬ್ಬಳು ಬಟ್ಟೆ ಒಗೆಯುತ್ತಿದ್ದಳು. ಯಾರೋ, ಯಾವ ಊರಿನವಳೋ ಗೊತ್ತಿಲ್ಲ. ಇಂದುಧರ ಗಂಟಲು ಹರಿಯುವಂತೆ ಕಿರುಚಿದ.

"ಅಜ್ಜೀ! ನಮ್ಮ ಗುರುಗಳು ಕಾಣ್ತಾರಾ? ನಂಗೆ ಕಾಣ್ತಿಲ್ಲ! ನಂಗೆ ಕಾಣ್ತಿಲ್ಲಜ್ಜೀ!"

ಅಜ್ಜಿ ತಿರುಗಿ ನೋಡಿದಳು. ಕೈಯಲ್ಲಿದ್ದ ಒದ್ದೆ ಸೀರೆಯನ್ನು ಜೊಂಡಿನತ್ತ ಬೀಸಿ ಎಸೆದಳು, ಎರಡೂ ಕಾಲು ಊರಿ ಎಳೆದಳು.

"ಸಿಕ್ಕವ್ರೆ ಕಣ್ಲಾ! ಮಡುವಿನ ಅಂಚಲ್ಲೇ ನಿಂತಿದ್ರು! ಇಷ್ಟೊತ್ತು ಬಾಯಿಗೆ ಬೀಗ ಹಾಕ್ಕಂಡಿದ್ದಾ? ಕಾಣ್ದಿದ್ಮೇಲೆ ಕೇಳಕ್ಕೇನ್ಲಾ ರೋಗ ನಿಂಗೆ?"

ಬೈಗುಳ ಹೊಳೆಯುದ್ದಕ್ಕೂ ಕೇಳಿಸಿತು. ಇಂದುಧರ ಮರಳಲ್ಲಿ ಕುಸಿದು ಕುಳಿತು ಅತ್ತುಬಿಟ್ಟ.

ಆಚೆ ದಡದಿಂದ, ಸೀರೆಯ ತುದಿ ಹಿಡಿದೇ, ಗುರುಗಳು ಕೂಗಿದರು:

"ಇದೇ ದನೀಲಿ ಮಾದಪ್ಪನನ್ನೂ ಕೇಳು, ಹೋಗು!"