ತೋಟಗಾರನ ಗುಡಿಸಲಿನ ಹಾಳೆ

"ಉಸ್ತಾದರೇ, ದೊಡ್ಡವರ ಬರಹದಲ್ಲಿ ತಪ್ಪು ಕಂಡರೆ ಚಿಕ್ಕವರು ಏನು ಮಾಡಬೇಕು?"

ಕೇಳಿದವನು ಈರಸಂಗಪ್ಪ. ಮುರ್ತುಜಾ ಉಸ್ತಾದರ ಬಳಿ ಆರು ವರ್ಷದಿಂದ ಪಾರಸಿ ಓದುತ್ತಿದ್ದ. ಉಸ್ತಾದರು ಹಳೆಯ ಪಾರಸಿ ಚರಿತ್ರೆಗಳನ್ನು ಸೋಸಿ ಕನ್ನಡಕ್ಕೆ ತಂದವರು. ಆ ಸೀಮೆಯಲ್ಲಿ ಅವರ ಮಾತಿಗೆ ಎದುರು ಮಾತಿರಲಿಲ್ಲ. ಇದ್ದರೂ ಅವರ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ ಯಾರೂ ಆಡುತ್ತಿರಲಿಲ್ಲ.

"ಯಾರ ಬರಹ?" ಎಂದರು ಉಸ್ತಾದರು.

"ಯಾರದೂ ಅಲ್ಲ. ಸುಮ್ಮನೆ ಕೇಳಿದೆ."

"ಸುಮ್ಮನೆ ಕೇಳುವವನ ಕಿವಿ ಕೆಂಪಾಗುವುದಿಲ್ಲ," ಎಂದು ಉಸ್ತಾದರು ಕತೆ ತೆಗೆದರು.

ಒಂದು ಕೋಟೆಯ ಊರು. ಅಲ್ಲಿ ಒಬ್ಬ ಪಂಡಿತನಿದ್ದ. ಊರಿಗೆಲ್ಲ ಪಾರಸಿ ಓದಲು ಬರುವವನು ಅವನೊಬ್ಬನೇ. ಅವನ ಹೆಮ್ಮೆಯೋ, ಅದನ್ನು ಹೊರಲು ಒಂದು ಎತ್ತು ಸಾಲದು. ಬೀದಿಗೆ ಬಂದರೆ ಅವನ ಕತ್ತು ಬಾಗುತ್ತಿರಲಿಲ್ಲ. ಎದುರಿಗೆ ಬಂದವರೇ ಬಾಗಬೇಕು. ಬಾಗುತ್ತಿದ್ದರು ಕೂಡ. ಪಕ್ಕದ ಊರಿನವರು ತಮ್ಮ ಬಾವಿಯ ನೀರನ್ನು ಹೊಗಳಿಕೊಂಡರೆ, ಈ ಊರಿನವರು ತಮ್ಮ ಪಂಡಿತನನ್ನು ಹೊಗಳಿಕೊಳ್ಳುತ್ತಿದ್ದರು.

ಅವನ ಹೆಸರು ಬೆಳೆದದ್ದು ಒಂದು ಪುಸ್ತಕದಿಂದ. ಅದು ಮುನ್ನೂರು ವರ್ಷದ ಹಿಂದೆ ಪಾರಸಿಯಲ್ಲಿ ಕೈಯಿಂದ ಬರೆದ ಆ ಕೋಟೆಯ ಚರಿತ್ರೆ. ದರ್ಗಾದ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಪಂಡಿತ ಅದನ್ನು ಓದಿದ, ಕನ್ನಡ ಮಾಡಿದ, ಅಚ್ಚು ಹಾಕಿಸಿದ. ಅದರಲ್ಲಿ ಸುಲ್ತಾನರ ವಂಶಾವಳಿ ಇತ್ತು. ಯುದ್ಧಗಳಿದ್ದವು. ದರ್ಬಾರಿನಲ್ಲಿ ಯಾವ ಕವಿ ಯಾವ ಕವನ ಓದಿದ, ಅವನಿಗೆ ಯಾವ ಬಣ್ಣದ ಕುದುರೆ ಸಿಕ್ಕಿತು ಎಂಬುದೂ ಇತ್ತು. ಅದನ್ನೆಲ್ಲ ಯಾರು ಓದುತ್ತಾರೆ? ಊರು ಓದಿದ್ದು ಎರಡೇ ಪುಟ.

ಆ ಎರಡು ಪುಟದಲ್ಲಿ ಕೋಟೆಯ ಅಧಿಕಾರಿ ಕಿಲ್ಲೇದಾರನ ಹೆಂಡತಿ ಖುರ್ಷೀದ್ ಬೇಗಂ ಇದ್ದಳು. ಶತ್ರು ಕೋಟೆಗೆ ಮುತ್ತಿಗೆ ಹಾಕಿದ್ದಾನೆ. ಬೇಗಂ ಬೀಗದ ಕೈ ಹಿಡಿದುಕೊಂಡು, ಮುಖಕ್ಕೆ ಸೆರಗು ಎಳೆದುಕೊಂಡು, ಹಿಂಬಾಗಿಲಿನಿಂದ ಹೊರಬೀಳುತ್ತಾಳೆ. ಅಲ್ಲಿಗೆ ಒಂದು ಹಾಳೆ ಮುಗಿಯುತ್ತದೆ. ಮುಂದಿನ ಹಾಳೆಯಲ್ಲಿ ತೋಟಗಾರನ ಗುಡಿಸಲು. ಮೂರು ಹಗಲು, ಮೂರು ರಾತ್ರಿ. ಹೊದೆಯಲು ತೋಟಗಾರನ ಕಂಬಳಿ. ತಿನ್ನಲು ತೋಟಗಾರನ ಕೈಯ ರೊಟ್ಟಿ. ಹೊರಗೆ ತೋಪು ಗುಡುಗಿದರೂ ಕದ ತೆರೆಯಲಿಲ್ಲ.

ಊರಿಗೆ ಇಷ್ಟು ಸಾಕಲ್ಲ. ಮುನ್ನೂರು ವರ್ಷದ ಹಿಂದೆ ಸತ್ತವಳನ್ನು ಎಬ್ಬಿಸಿ ತಂದು ಕಟ್ಟೆಯ ಮೇಲೆ ಕೂರಿಸಿದರು. ತೋಟಗಾರನ ವಯಸ್ಸೆಷ್ಟು, ಮೀಸೆ ಇತ್ತೇ ಎಂದು ಪಂಡಿತನನ್ನೇ ಕೇಳಿದವರಿದ್ದರು. ಪುಸ್ತಕದಲ್ಲಿ ಇಲ್ಲ ಎಂದು ಅವನು ಹೇಳಿದರೆ, "ಇರತಾವ್ರೀ, ನೀವ ಮುಚ್ಚಿಟ್ಟೀರಿ," ಎಂದು ಕಣ್ಣು ಮಿಟುಕಿಸಿದರು. ಕೊನೆಗೆ ಮೀಸೆಯನ್ನು ಊರೇ ಬರೆಯಿತು.

ಬೇಗಮಳ ಮನೆತನದವರು ಅದೇ ಊರಿನಲ್ಲಿದ್ದರು. ಅವರ ಹೆಣ್ಣುಮಕ್ಕಳು ಕೊಡ ಹಿಡಿದು ಹೊರಟರೆ, "ತೋಟದ ದಾರಿ ಆ ಕಡಿ ಅಲ್ಲವ್ವಾ, ಈ ಕಡಿ ಐತಿ," ಎಂದು ಎದುರು ಮನೆಯ ಮುದುಕಿಯರು ಕೂಗುತ್ತಿದ್ದರು. ಆ ಮನೆಯಲ್ಲಿ ಹೆಣ್ಣುಮಗುವಿಗೆ ಖುರ್ಷೀದ್ ಎಂಬ ಹೆಸರಿಡುವುದು ನಿಂತಿತು. ಅವರಿಗೆ ಉಳಿದದ್ದು ಒಂದೇ ಸಮಾಧಾನ. ಮುತ್ತಿಗೆಯ ಹಸಿವಿನಲ್ಲಿ ಅರಮನೆಯ ಕಣಜ ತೆರೆದು ಊರಿಗೆ ಜೋಳ ಅಳೆದದ್ದು ಕಿಲ್ಲೇದಾರ ಎಂದು ಪಂಡಿತ ಬರೆದಿದ್ದ. ಹೆಂಡತಿ ಕೆಟ್ಟರೂ ಗಂಡ ಧರ್ಮಾತ್ಮ. ವರ್ಷಕ್ಕೊಮ್ಮೆ ಊರೆಲ್ಲ ಸೇರಿ ಅವನ ಗೋರಿಗೆ ಹೂವಿನ ಚಾದರ ಹೊದಿಸುತ್ತಿದ್ದರು. ಬೇಗಮಳ ಗೋರಿ ಎಲ್ಲಿದೆ ಎಂದು ಕೇಳಿದವರಿಲ್ಲ.

ಆ ಭಾಗದಲ್ಲಿ ಕತೆ ಒಂದೆರಡು ಕಡೆ ಎಡವುತ್ತದೆ ಎಂದು ಪಂಡಿತನಿಗೂ ಕಂಡಿತ್ತು. ಒಂದು ಮಾತಿಗೆ ಮುಂದಿನ ಮಾತು ಕೂಡುತ್ತಿರಲಿಲ್ಲ. ಅವನು ಪುಟದ ಅಡಿಯಲ್ಲಿ ಒಂದು ಟಿಪ್ಪಣಿ ಹಾಕಿದ: 'ನಕಲು ಮಾಡಿದವನು ಅಮಲಿನಲ್ಲಿ ಬರೆದಂತಿದೆ.' ಬೇಗಮಳ ಜೊತೆಗೆ ಆ ಬಡಪಾಯಿ ನಕಲುಗಾರನಿಗೂ ಮಸಿ ಹತ್ತಿತು. ಸತ್ತವರು ಎದ್ದು ಬಂದು ಜಗಳ ಆಡುವುದಿಲ್ಲ. ಪಂಡಿತರಿಗೆ ಅದೊಂದು ಅನುಕೂಲ.

ಮೂವತ್ತು ವರ್ಷ ಕಳೆಯಿತು. ಪುಸ್ತಕದ ಎರಡನೆಯ ಅಚ್ಚು ಬರುವುದಿತ್ತು. ಪಂಡಿತನಿಗೆ ಶಾಲು ಹೊದಿಸಬೇಕು, ಮೂಲ ಪ್ರತಿಯನ್ನು ರೇಷ್ಮೆಯ ಮೇಲಿಟ್ಟು ವೇದಿಕೆಯಲ್ಲಿ ಎಲ್ಲರಿಗೂ ತೋರಿಸಬೇಕು ಎಂದು ಊರು ನಿಶ್ಚಯಿಸಿತು. ಪ್ರತಿಯ ಹೊಲಿಗೆ ಸಡಿಲಾಗಿತ್ತು. ಪಂಡಿತ ಅದನ್ನು ಕುಲ್ಸುಂಬಿಯ ಬಳಿಗೆ ಕಳಿಸಿದ.

ಕುಲ್ಸುಂಬಿಯದು ಪುಸ್ತಕಕ್ಕೆ ರಟ್ಟು ಕಟ್ಟುವವರ ಮನೆ. ಅವಳಿಗೆ ಯಾವ ಭಾಷೆಯಲ್ಲೂ ಒಂದಕ್ಷರ ಬಾರದು. ಆದರೆ ಹೆಮ್ಮೆಯಲ್ಲಿ ಪಂಡಿತನಿಗಿಂತ ಒಂದು ಗೇಣು ಹೆಚ್ಚೇ. "ನಮ್ಮನ್ಯಾಗ ಕಟ್ಟಿದ ಪುಸ್ತಕ, ಓದಾಂವ ಸತ್ತರೂ ಬಿಚ್ಚೂದಿಲ್ಲ," ಎನ್ನುವವಳು.

ಆ ಕಾಲದ ಪುಸ್ತಕಗಳಲ್ಲಿ ಪುಟಕ್ಕೆ ಅಂಕಿ ಹಾಕುತ್ತಿರಲಿಲ್ಲ. ಅದರ ಬದಲು ಒಂದು ರೂಢಿ ಇತ್ತು. ಮುಂದಿನ ಹಾಳೆ ಯಾವ ಪದದಿಂದ ಶುರುವಾಗುತ್ತದೋ ಆ ಒಂದು ಪದವನ್ನು ಈ ಹಾಳೆಯ ಬೆನ್ನಿನಲ್ಲಿ, ಕೆಳಗಿನ ಮೂಲೆಗೆ, ಸಣ್ಣದಾಗಿ ಬರೆದಿಡುವುದು. ಗಾಳಿಗೆ ಹಾಳೆ ಹಾರಿ ಕಲೆತರೂ ಮತ್ತೆ ಹೊಂದಿಸಬಹುದು. ರಟ್ಟು ಕಟ್ಟುವವರಿಗೆ ಅದನ್ನು ಓದಬೇಕಾಗಿಲ್ಲ. ಕರುವಿನ ಮುಖ ನೋಡಿ ತಾಯನ್ನು ಹುಡುಕಿದ ಹಾಗೆ, ಮೂಲೆಯ ಪದದ ಆಕಾರ ನೋಡಿ ಹಾಳೆ ಜೋಡಿಸುತ್ತಾರೆ.

ಮೂರನೆಯ ದಿನ ಕುಲ್ಸುಂಬಿ ಪುಸ್ತಕ ತಂದಳು.

"ಪಂಡಿತರ, ಒಂದು ಹಾಳಿ ದಾರಿ ತಪ್ಪಿ ಬ್ಯಾರೆ ಕಡೆ ಕುಂತಿತ್ರಿ. ಅದರ ಜಾಗಾಕ್ಕ ಹಚ್ಚೀನಿ."

ಪಂಡಿತ ಹಾಳೆ ತಿರುವಿದ. ಯಾವ ಹಾಳೆ ಎಂದು ಕಂಡ. ಅವನ ಮುಖ ಇದ್ದಲಿಯಾಯಿತು.

"ಅಲಿಫ್ ಬೇ ಬಾರದವಳು ನೀನು. ನನ್ನ ಪುಸ್ತಕ ತಿದ್ದುತೀಯಾ?"

"ನಾ ಯಾಕ ತಿದ್ದಲ್ರಿ? ಬರದಾಂವ ಮೂಲ್ಯಾಗ ಹೇಳಿ ಹೋಗ್ಯಾನ, ಮುಂದ ಬರೋರು ಯಾರಂತ. ನೀವು ನಡುವಿಂದು ಓದೀರಿ, ನಾ ಮೂಲಿ ನೋಡೀನಿ. ತಪ್ಪು ನಿಮ್ಮದಲ್ಲ ಬಿಡ್ರಿ, ನಮ್ಮಜ್ಜಂದು. ಹಿಂಗ ಎಡಕ್ಕ ತಿರುವಿ ಗಂಟು ಹಾಕಾಂವ ಈ ಸೀಮ್ಯಾಗ ಅಂವ ಒಬ್ಬನ ಇದ್ದ. ಹಿಂದಕ್ಕ ಕಟ್ಟುವಾಗ ಎಡವ್ಯಾನ."

ಇಷ್ಟು ಹೇಳಿ ಅವಳು ಹೋದಳು. ಪಂಡಿತ ಸಿಟ್ಟಿನಿಂದ ಊಟ ಬಿಟ್ಟ. ಇಡೀ ಒಂದು ದಿನ ಪುಸ್ತಕ ಮುಟ್ಟಲಿಲ್ಲ. ಮರುದಿನ ಮುಟ್ಟಿದ.

ಈಗ ಬೇಗಂ ಹಿಂಬಾಗಿಲಿನಿಂದ ಹೊರಬಿದ್ದಳು. ಮುಂದಿನ ಹಾಳೆ ತೋಟದ್ದಲ್ಲ, ಕಣಜದ್ದು. ಕಣಜದ ಬೀಗ ತೆರೆದದ್ದು ಅವಳು. ಕಾವಲಿನವರು ಅಡ್ಡ ಬಂದರೆ ಅವರ ಕೈಗೂ ಸೇರು ಕೊಟ್ಟು ಅಳೆಯಲು ಹಚ್ಚಿದವಳು. ಮೂರು ದಿನ ನಿಂತಲ್ಲೇ ನಿಂತು ಊರಿಗೆ ಜೋಳ ಅಳೆದವಳು. ಅವಳು ಗುಡಿಸಲಿನಲ್ಲಿದ್ದಾಳೆಂದು ನಂಬಿ ಪಂಡಿತ ಇದನ್ನೆಲ್ಲ ಗಂಡನ ಲೆಕ್ಕಕ್ಕೆ ಬರೆದಿದ್ದ.

ಹಾಗಾದರೆ ಗುಡಿಸಲಿನಲ್ಲಿ ಇದ್ದವರು ಯಾರು? ಆ ಹಾಳೆ ಈಗ ಎಂಟು ಹಾಳೆ ಮುಂದೆ ಕೂತಿತ್ತು. ನಕಲುಗಾರನ ಅಮಲು ಎಂದು ಪಂಡಿತ ಕೈಬಿಟ್ಟಿದ್ದ ಮಾತೇ ಈಗ ಅದರ ಹಿಂದೆ ಇತ್ತು: 'ಮೊದಲ ತೋಪು ಹಾರಿದಾಗ ಕಿಲ್ಲೇದಾರ ಪೇಟ ಕಳಚಿ ಓಡಿದ.'

ಕಂಬಳಿ ಹೊದ್ದು ರೊಟ್ಟಿ ತಿಂದವನು ಧರ್ಮಾತ್ಮ!

ಪಾರಸಿ ಬರಹ ಹಾಗೇ. ಹೆಸರನ್ನು ಒಮ್ಮೆ ಹೇಳಿದ ಮೇಲೆ ಮುಂದೆ ಗಂಡೋ ಹೆಣ್ಣೋ ಎಂದು ತೋರಿಸುವುದಿಲ್ಲ. ಹಾಳೆ ಯಾರ ಬೆನ್ನಿಗೆ ಬರುತ್ತದೋ ಅವರ ಕತೆಯಾಗುತ್ತದೆ. ಇದು ಪಂಡಿತನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮೂಲೆಯ ಪದದ ರೂಢಿಯೂ ಗೊತ್ತಿತ್ತು. ಆದರೆ ಅಂಥ ರಸವತ್ತಾದ ಕತೆ ಕೈಗೆ ಸಿಕ್ಕಾಗ ಮೂಲೆ ನೋಡುವವರು ಯಾರು?

ಅವನು ಎದ್ದು ಕುಲ್ಸುಂಬಿಯ ಮನೆಗೆ ಹೋದ. ಬೇರೆಯವರ ಹೊಸ್ತಿಲಿಗೆ ಅವನು ತಾನಾಗಿ ಹೋದದ್ದು ಅದೇ ಮೊದಲು. ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು.

"ಮೊದಲು ಹೇಗಿತ್ತೋ ಹಾಗೇ ಹೊಲಿದು ಕೊಡು," ಎಂದ ಪಂಡಿತ. "ಎಂಟು ದಿನಕ್ಕೆ ಸಮಾರಂಭ. ನನ್ನ ಹೆಸರು ಉಳಿಯಲಿ. ಆಮೇಲೆ ನೋಡೋಣ."

ಕುಲ್ಸುಂಬಿ ಸೂಜಿ ಕೆಳಗಿಟ್ಟಳು.

"ನಮ್ಮಜ್ಜ ಗೊತ್ತಿಲ್ಲದ ಎಡವಿದಾ, ಅದನ್ನ ನಾ ಹೊರತೀನ್ರಿ. ಗೊತ್ತಿದ್ದು ಹೊಲದ್ರ ಅದು ನಂದಾಗತೈತಿ. ಅವನ ತಪ್ಪಿಗೆ ನಂದೊಂದು ತಪ್ಪು ನಾ ಕೂಡಸಂಗಿಲ್ಲ. ನಿಮಗ ಬೇಕಂದ್ರ ಸೂಜಿ ಇಲ್ಲೈತಿ, ನೀವ ಹೊಲಕೋರಿ."

ಪಂಡಿತ ಸೂಜಿ ನೋಡಿದ. ಮೂವತ್ತು ವರ್ಷ ಅವನನ್ನು ಊರು ಹೊತ್ತು ಮೆರೆಸಿತ್ತು. ಇಲ್ಲಿ ಒಬ್ಬಳು ಅಕ್ಷರ ಬಾರದವಳು ಚಾಪೆಯ ಮೇಲೆ ಕೂತು ಅವನಿಗಿಂತ ಎತ್ತರವಾಗಿದ್ದಳು. ಅವನು ಪುಸ್ತಕ ಎತ್ತಿಕೊಂಡು ಮನೆಗೆ ಬಂದ.

ಸಮಾರಂಭದ ದಿನ ಊರಿಗೆ ಊರೇ ನೆರೆಯಿತು. ಬೇಗಮಳ ಕತೆಯನ್ನು ಪಂಡಿತನ ಬಾಯಿಂದಲೇ ಕೇಳಬೇಕೆಂದು ಮುಂದಿನ ಸಾಲಿಗೆ ನೂಕಾಟ. ಶಾಲು ಹಿಡಿದವರು ಬಂದು ಪಕ್ಕದಲ್ಲಿ ನಿಂತರು. ಪಂಡಿತ ಅವರನ್ನು ತಡೆದು ಮಾತಾಡಿದ.

"ಮೂವತ್ತು ವರ್ಷ ನಾನು ನಿಮಗೆ ಸುಳ್ಳು ಕತೆ ಕೊಟ್ಟೆ. ಗುಡಿಸಲಿನಲ್ಲಿ ಅಡಗಿದ್ದವನು ಕಿಲ್ಲೇದಾರ. ನಿಮ್ಮ ಹಿರಿಯರಿಗೆ ಜೋಳ ಅಳೆದವಳು ಖುರ್ಷೀದ್ ಬೇಗಂ. ನಕಲು ಮಾಡಿದವನು ಕುಡಿದಿರಲಿಲ್ಲ. ನಾನೇ ನನ್ನ ಹೆಸರಿನ ಅಮಲಿನಲ್ಲಿದ್ದೆ."

ಸಭೆಯಲ್ಲಿ ಯಾರೂ ಕೈ ತಟ್ಟಲಿಲ್ಲ. "ಅಯ್ಯ, ಇಷ್ಟ ಏನು?" ಎಂದಳು ಮುಂದಿನ ಸಾಲಿನ ಒಬ್ಬ ಮುದುಕಿ. ಅವಳಿಗೆ ಮೂವತ್ತು ವರ್ಷದ ಊಟ ಕಸಿದುಕೊಂಡ ಹಾಗಾಗಿತ್ತು. ಶಾಲು ಹಿಡಿದವರು ಅದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ಬೇಗಮಳ ಮನೆತನದವರು ಸಂತೋಷದಿಂದ ಕುಣಿಯಬೇಕಿತ್ತು. ಅವರು ಬಡಿಗೆ ಹಿಡಿದು ಬಂದರು. "ಅಜ್ಜಿ ಕಳಂಕ ನಮಗ ರೂಢಿ ಆಗಿತ್ತು. ಈಗ ಅಜ್ಜಂದೂ ತಂದಿಟ್ಟಿ," ಎಂದು ಕೂಗಾಡಿದರು. ಅವರ ನಡುವಿನಿಂದ ಒಬ್ಬ ಹುಡುಗಿ ಮಾತ್ರ ವೇದಿಕೆಯ ಹತ್ತಿರ ಬಂದು, ಜೋಳ ಅಳೆದ ಹಾಳೆ ಯಾವುದು ತೋರಿಸಿ ಎಂದಳು. ಪಂಡಿತ ತೋರಿಸಿದ. ಅವಳಿಗೂ ಓದಲು ಬರುತ್ತಿರಲಿಲ್ಲ. ತುಂಬ ಹೊತ್ತು ನೋಡಿದಳು.

ಪಂಡಿತ ಮನೆಗೆ ನಡೆದು ಹೋದ. ಕತ್ತು ಎಂದಿನಂತೆ ನೆಟ್ಟಗೇ ಇತ್ತು. ಎದುರಿಗೆ ಬಂದವರು ಮಾತ್ರ ಬಾಗಲಿಲ್ಲ.

ಎರಡನೆಯ ಅಚ್ಚು ಬಂತು. ಮುನ್ನುಡಿಯ ಮೊದಲ ಸಾಲಿನಲ್ಲಿ ಪಂಡಿತ ಹೀಗೆ ಬರೆದಿದ್ದ: 'ಮೊದಲ ಅಚ್ಚಿನಲ್ಲಿ ನಾನು ಮಾಡಿದ ದೊಡ್ಡ ತಪ್ಪನ್ನು ಕಂಡವಳು ರಟ್ಟು ಕಟ್ಟುವ ಕುಲ್ಸುಂಬಿ.' ಅದನ್ನು ಅವಳಿಗೆ ಅವನೇ ಓದಿ ಹೇಳಿದ. ಅವಳು ಹಿಗ್ಗಲಿಲ್ಲ, ನಾಚಲಿಲ್ಲ.

"ನಮ್ಮಜ್ಜನ ಹೆಸರೂ ಹಾಕ್ರಿ," ಎಂದಳು. "ಹಾಳಿ ತಪ್ಪಿ ಕಟ್ಟಿದಾಂವ ಅಂವ ಅಂತ ಬರೀರಿ. ಹೊಲಿಗಿ ಅರವತ್ತು ವರ್ಷ ತಡೀತು ಅಂತನೂ ಬರೀರಿ."

ಮೂರನೆಯ ಅಚ್ಚಿನಲ್ಲಿ ಪಂಡಿತ ಎರಡನ್ನೂ ಬರೆದ.

ಉಸ್ತಾದರು ಕತೆ ನಿಲ್ಲಿಸಿದರು. ಈರಸಂಗಪ್ಪ ತಡೆದು ತಡೆದು ಕೇಳಿದ.

"ಹಾಗಾದರೆ, ತಪ್ಪು ತೋರಿಸಿದವಳ ಮೇಲೆ ಆ ಪಂಡಿತನಿಗಿದ್ದ ಸಿಟ್ಟು?"

"ಒಂದು ದಿನ ಇತ್ತು, ನನಗೂ ಅಷ್ಟೇ ಸಾಕು, ನನ್ನ ಪುಸ್ತಕದ ಎಷ್ಟನೆಯ ಪುಟ ಹೇಳು."