ಎಂಟಡಿ ಮೇಲಿನ ಕಿಟಕಿ

ಮಾನಸಿಕ ಆಸ್ಪತ್ರೆಯ ಹೊಸ ವಾರ್ಡು ಏಳುತ್ತಿತ್ತು. "ಕಿಟಕಿ ಎಂಟಡಿ ಮೇಲಿರಲಿ. ರೋಗಿಗಳು ಹೊರಗೆ ನೋಡಬಾರದು, ಅದೇ ಸುರಕ್ಷಿತ. ಎದುರು ಮಾತಾಡಿದರೆ ಕೆಲಸಕ್ಕೆ ಬರಬೇಡ!" ಎಂದು ಎಂಜಿನಿಯರ್ ಸಾಹೇಬರು ಗುಡುಗಿದರು.

ಮೇಸ್ತ್ರಿ ಮೌನೇಶಪ್ಪನಿಗೆ ಅದು ಸರಿಬರಲಿಲ್ಲ. ಆದರೂ ಒಂದು ಕೋಣೆ ಹಾಗೇ ಕಟ್ಟಿದ. ಸಾಹೇಬರನ್ನು ಒಳಗೆ ಕುರ್ಚಿಯಲ್ಲಿ ಕೂರಿಸಿ, "ಚಹಾ ತರ್ತೀನ್ರಿ" ಎಂದು ಹೊರಬಿದ್ದ. ಆಳುಗಳಿಗೆ ತಮಟೆ ಬಾರಿಸಿ ಜೋರಾಗಿ ನಗಲು ಹೇಳಿದ.

ಚಹಾ ತಂದಾಗ ಸಾಹೇಬರು ಕುರ್ಚಿ ಹತ್ತಿ, ತುದಿಗಾಲಲ್ಲಿ ನಿಂತು, ಕಿಟಕಿಯತ್ತ ಕತ್ತು ಚಾಚುತ್ತಿದ್ದರು. ಕುರ್ಚಿ ವಾಲಿತು. ಮೌನೇಶಪ್ಪ ಓಡಿ ಹಿಡಿದುಕೊಂಡ.

"ನೀವೇ ಹತ್ತಿದ್ರಿ. ಇಡೀ ದಿನ ಒಳಗಿರೋರು ಹತ್ತಿ ಬೀಳೂದಿಲ್ಲೇನ್ರಿ?"

ಸಾಹೇಬರು ನಾಚಿ ಕೆಳಗಿಳಿದರು. "ಆಯ್ತು, ಕೂತವರಿಗೂ ಕಾಣುವಷ್ಟು ಕೆಳಗಿಡು. ಅದಿರಲಿ, ಹೊರಗೆ ಅದೇನು ನಡೀತಿದೆ?"

"ಕಿಟಕಿ ಇಳಿಸ್ತೀನ್ರಿ, ಆಮೇಲೆ ನೀವೇ ನೋಡ್ರಿ."